ಹೋಳಿಗೆ ಬಿಡುವ ಮೊದಲು ಲೋಟ ನೋಡಿ

"ಶುಗರ್ ಬಾರ್ಡರ್‌ನಲ್ಲಿದೆ, ಸಿಹಿ ಕಡಿಮೆ ಮಾಡಿ" ಅಂತ ಡಾಕ್ಟರು ಹೇಳಿದರೆ ಶಿರಸಿ, ಕುಮಟಾ ಕಡೆಯ ಮನೆಗಳಲ್ಲಿ ಮೊದಲು ನಿಲ್ಲುವುದು ಹೋಳಿಗೆ. ಆಮೇಲೆ ಪಾಯಸ, ಅತ್ರಾಸ (ಕಜ್ಜಾಯ), ಕೇಸರಿಬಾತು. ಮದುವೆಮನೆ ಪಂಕ್ತಿಯಲ್ಲಿ ಸಿಹಿ ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಬರುತ್ತದೆ. "ಅರ್ಧ ಆದ್ರೂ ಹಾಕ್ಲಾ?" ಅಂದರೆ "ಬೇಡ, ಶುಗರ್ ಇದ್ದು" ಅಂತ ಉತ್ತರ. ಊಟ ಮುಗಿಸಿ ಚಪ್ಪರದ ಆಚೆ ಬಂದ ಮೇಲೆ ಸೆಕೆ ತಡೆಯಲಾಗದೆ ಅದೇ ಮನುಷ್ಯರು ಒಂದು ಬಾಟಲಿ ತಂಪು ಕುಡಿಯುತ್ತಾರೆ. ಹೊರಡುವಾಗ ಒಂದು ಚಾ. ಎಲೆಯಲ್ಲಿ ಬೇಡ ಅಂದ ಸಕ್ಕರೆಯ ಮೂರು ಪಟ್ಟು ಲೋಟದ ದಾರಿಯಲ್ಲಿ ಒಳಗೆ ಹೋಗಿರುತ್ತದೆ.

ಉತ್ಪ್ರೇಕ್ಷೆ ಅನ್ನಿಸಿದರೆ ಲೆಕ್ಕ ಮಾಡಿ ನೋಡೋಣ. ಕಾಲು ಕೆಜಿ ಕಡಲೆಬೇಳೆಗೆ ಕಾಲು ಕೆಜಿ ಬೆಲ್ಲ ಹಾಕಿ ಹೂರಣ ರುಬ್ಬಿದರೆ ಸಣ್ಣ ಗಾತ್ರದ 20 ಹೋಳಿಗೆ ಆಗುತ್ತವೆ ಅಂದುಕೊಳ್ಳಿ. ಒಂದು ಹೋಳಿಗೆಗೆ ಬಂದದ್ದು ಹನ್ನೆರಡೂವರೆ ಗ್ರಾಂ ಬೆಲ್ಲ. ಅಂಗಡಿಯ ಕೋಲಾದಲ್ಲಿ 100 ಮಿಲಿಗೆ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 250 ಮಿಲಿಯ ಒಂದು ಸಣ್ಣ ಬಾಟಲಿ ಕುಡಿದರೆ 26 ಗ್ರಾಂ. ಎರಡು ಚಮಚ ಸಕ್ಕರೆಯ ಚಾ ಅಂದರೆ ಮತ್ತೆ 10 ಗ್ರಾಂ. ಒಟ್ಟು 36. ಬೇಡ ಅಂದ ಹೋಳಿಗೆ ಹನ್ನೆರಡೂವರೆ.

ಸಿಹಿತಿಂಡಿ ಬಿಟ್ಟುಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸಿಹಿ ಅಂತ ನಾಲಿಗೆಗೆ ಸರಿಯಾಗಿ ಗೊತ್ತೂ ಆಗದ ಸಕ್ಕರೆಯನ್ನು ಮೊದಲು ತೆಗೆಯಿರಿ. ಆಗ ಖುಷಿ ಕೊಡುವ ಸಿಹಿಗೆ ಜಾಗ ತಾನಾಗೇ ಸಿಗುತ್ತದೆ. ಸೋಡಾಕ್ಕೂ ಜಾಗ ಸಿಗುತ್ತದೆ, ಅದನ್ನೂ ಮುಂದೆ ಹೇಳುತ್ತೇನೆ.

ಇದು ಒಂದಿಬ್ಬರ ಸಮಸ್ಯೆ ಅಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಕಾಯಿಲೆಯ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13.6 ಕೋಟಿ. ಹೊಸ್ತಿಲಲ್ಲಿ ಇರುವವರಿಗೆ ಈ ಲೋಟದ ಲೆಕ್ಕದಿಂದ ತುಂಬಾ ಉಪಯೋಗ ಇದೆ.

ಹಾಗಾದರೆ ದಿನಕ್ಕೆ ಎಷ್ಟು ಸಕ್ಕರೆ ಆಗಬಹುದು? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಮಿತಿ ಹೇಳಿತು. ದಿನದಲ್ಲಿ ನಮಗೆ ಸಿಗುವ ಒಟ್ಟು ಶಕ್ತಿಯಲ್ಲಿ ಶೇ. 10ಕ್ಕಿಂತ ಕಡಿಮೆ ಪಾಲು ಮಾತ್ರ ಇಂಥ ಸಕ್ಕರೆಯಿಂದ ಬರಬೇಕು. ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಶೇ. 10 ಅಂದರೆ 50 ಗ್ರಾಂ, ಶೇ. 5 ಅಂದರೆ 25 ಗ್ರಾಂ. ಚಮಚದ ಲೆಕ್ಕದಲ್ಲಿ ಹತ್ತು, ಇಲ್ಲವೇ ಐದು. ಮಕ್ಕಳು ತಿನ್ನುವುದೇ ಕಡಿಮೆ, ಹಾಗಾಗಿ ಅವರ ಪಾಲೂ ಚಿಕ್ಕದು. ಒಂದನೇ ಕ್ಲಾಸಿನ ಮಗು ಒಂದು ಬಾಟಲಿ ಕೋಲಾ ಕುಡಿದರೆ ಅದರ ಇಡೀ ದಿನದ ಪಾಲು ಹೆಚ್ಚುಕಡಿಮೆ ಅಲ್ಲೇ ಮುಗಿಯಿತು.

ಯಾವ ಸಕ್ಕರೆ ಈ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಮುಖ್ಯ. ನಾವು ಸೇರಿಸುವ ಸಕ್ಕರೆ, ಬೆಲ್ಲ, ಜೇನು, ಸಿರಪ್, ಹಣ್ಣಿನ ಜ್ಯೂಸ್ ಎಲ್ಲವೂ ಬರುತ್ತವೆ. ಇಡೀ ಹಣ್ಣಿನ ಒಳಗಿರುವ ಸಕ್ಕರೆ ಬರುವುದಿಲ್ಲ. ಹಾಲಿನಲ್ಲಿ ಸಹಜವಾಗಿ ಇರುವುದೂ ಬರುವುದಿಲ್ಲ. ಅಂಕೋಲೆಯ ಇಶಾಡು ಮಾವನ್ನು ಕೊಯ್ದು ತಿಂದರೆ ಒಂದು ಲೆಕ್ಕ, ಹಿಂಡಿ ಸೋಸಿ ಲೋಟಕ್ಕೆ ಹಾಕಿದರೆ ಇನ್ನೊಂದು. ಬನವಾಸಿಯ ಅನಾನಸಿಗೂ ಅದೇ ಮಾತು. ಉಪ್ಪು, ಮೆಣಸಿನ ಪುಡಿ ಉದುರಿಸಿ ನಾಲ್ಕು ಹೋಳು ತಿಂದರೆ ಬಾಯಿಗೂ ಕೆಲಸ, ಹೊಟ್ಟೆಗೂ ನಾರು. ಅದೇ ಹಣ್ಣನ್ನು ಸಕ್ಕರೆ ಹಾಕಿ ಜ್ಯೂಸ್ ಮಾಡಿದರೆ ಎರಡು ನಿಮಿಷಕ್ಕೆ ಲೋಟ ಖಾಲಿ.

ಇಲ್ಲಿ ಬೆಲ್ಲದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಜೋನಿ ಬೆಲ್ಲ, ಅಂದರೆ ನೀರು ಬೆಲ್ಲ, ಅಂದರೆ ಪ್ರಾಣ. ಬಿಸಿ ತೆಳ್ಳೇವಿನ (ತೆಳು ದೋಸೆಯ) ಮೇಲೆ ಜೋನಿ ಬೆಲ್ಲ, ಒಂದು ಚಮಚ ತುಪ್ಪ ಬಿದ್ದರೆ ಬೇರೆ ಏನೂ ಬೇಡ. "ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ಮಾತ್ರ" ಅನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಸ್ವಲ್ಪ ಖನಿಜ ಇರುವುದು ನಿಜ. ರುಚಿಯಂತೂ ಸಕ್ಕರೆಗೆ ಎಲ್ಲಿಂದ ಬರಬೇಕು? ಆದರೆ ಅದರ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಇಳಿಯುವ ಹೊತ್ತಿಗೆ ಅದು ಗಾಣದಿಂದ ಬಂತೋ ಕಾರ್ಖಾನೆಯಿಂದ ಬಂತೋ ಅಂತ ದೇಹ ಕೇಳುವುದಿಲ್ಲ. ಜೇನುತುಪ್ಪದಲ್ಲೂ ಶೇ. 80ರಷ್ಟು ಸಕ್ಕರೆಯ ಅಂಶವೇ. ಅಸಲಿ ತುಡುವೆ ಜೇನೇ ಆಗಿರಲಿ, ಬೆಳಿಗ್ಗೆ ಬಿಸಿನೀರಿಗೆ ಎರಡು ಚಮಚ ಹಾಕಿ ಕುಡಿದರೆ ಅದನ್ನು ಸಕ್ಕರೆ ಅಂತಲೇ ಎಣಿಸಬೇಕು. ಬೆಲ್ಲವನ್ನು ರುಚಿಗಾಗಿ ತಿನ್ನಿ, ಮನಸಾರೆ ತಿನ್ನಿ. ಔಷಧಿ ಅಂತ ತಿನ್ನಬೇಡಿ.

ಈಗ ಲೋಟಕ್ಕೆ ಬರೋಣ. ಕುಡಿಯುವ ಸಕ್ಕರೆಯ ಮೇಲೆ ನನಗೆ ಇಷ್ಟು ಸಿಟ್ಟು ಯಾಕೆ ಅಂದರೆ, ಅದು ಹೊಟ್ಟೆಗೆ ಲೆಕ್ಕ ಕೊಡುವುದಿಲ್ಲ. 2000ದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಸರಳವಾಗಿ ಪರೀಕ್ಷಿಸಿದರು. 15 ಜನರಿಗೆ ನಾಲ್ಕು ವಾರ ದಿನಕ್ಕೆ 450 ಕ್ಯಾಲೊರಿಯಷ್ಟು ಜೆಲ್ಲಿ ಮಿಠಾಯಿ ಕೊಟ್ಟರು. ಇನ್ನೊಂದು ನಾಲ್ಕು ವಾರ ಅಷ್ಟೇ ಕ್ಯಾಲೊರಿಯ ಸಿಹಿ ಸೋಡಾ ಕೊಟ್ಟರು. ಮಿಠಾಯಿ ತಿಂದ ವಾರಗಳಲ್ಲಿ ಅವರು ತಮಗೆ ಗೊತ್ತಿಲ್ಲದೆಯೇ ಉಳಿದ ಊಟ ಕಡಿಮೆ ಮಾಡಿದರು. ಸೋಡಾ ಕುಡಿದ ವಾರಗಳಲ್ಲಿ ಊಟ ಕಡಿಮೆ ಆಗಲಿಲ್ಲ, ತೂಕ ಏರಿತು. ಅಗಿಯುವಾಗ, ನುಂಗುವಾಗ ದೇಹ ಬಂದದ್ದನ್ನು ಗಮನಿಸುತ್ತದೆ. ಗಟಗಟ ಇಳಿದದ್ದನ್ನು ಅಷ್ಟಾಗಿ ಗಮನಿಸುವುದಿಲ್ಲ.

ವೇಗವೂ ಬೇರೆ. ಹೋಳಿಗೆಯಲ್ಲಿ ಬೇಳೆ ಇದೆ, ಮೇಲೆ ತುಪ್ಪ ಇದೆ, ಹೊಟ್ಟೆಯಲ್ಲಿ ಆಗಲೇ ಪಲ್ಯ, ಅನ್ನ, ಸಾರು ಕೂತಿವೆ. ಇವೆಲ್ಲ ಸೇರಿ ಸಕ್ಕರೆಯನ್ನು ನಿಧಾನವಾಗಿ ಕರುಳಿಗೆ ಬಿಡುತ್ತವೆ. ಖಾಲಿ ಹೊಟ್ಟೆಗೆ ಬಿದ್ದ ಕೋಲಾಗೆ ತಡೆಯುವವರು ಯಾರೂ ಇಲ್ಲ. ಅದು ಬೇಗ ಕರುಳಿಗೆ ಇಳಿಯುತ್ತದೆ, ಬೇಗ ರಕ್ತಕ್ಕೆ ಸೇರುತ್ತದೆ. ಸಕ್ಕರೆಯ ಅರ್ಧ ಭಾಗ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್. ಗ್ಲೂಕೋಸ್ ರಕ್ತದ ಸಕ್ಕರೆಯನ್ನು ಒಮ್ಮೆಲೇ ಏರಿಸುತ್ತದೆ. ಫ್ರಕ್ಟೋಸಿನ ಹೆಚ್ಚಿನ ಪಾಲು ಯಕೃತ್ತಿಗೆ ಹೋಗುತ್ತದೆ, ವಿಪರೀತವಾದರೆ ಅಲ್ಲಿ ಕೊಬ್ಬಾಗುತ್ತದೆ. ಮದ್ಯ ಮುಟ್ಟದವರಿಗೂ ಫ್ಯಾಟಿ ಲಿವರ್ ಬರುವುದಕ್ಕೆ ಇದೂ ಒಂದು ದಾರಿ.

ಹಾಗಂತ ಸೋಡಾವೇ ಕೆಟ್ಟದ್ದಾ? ಇಲ್ಲ. ಬರೀ ಸೋಡಾ ಅಂದರೆ ನೀರು, ಅದರಲ್ಲಿ ಒತ್ತಡ ಹಾಕಿ ಕರಗಿಸಿದ ಇಂಗಾಲದ ಡೈ ಆಕ್ಸೈಡ್, ಇಷ್ಟೇ. ಸಕ್ಕರೆ ಸೊನ್ನೆ, ಕ್ಯಾಲೊರಿ ಸೊನ್ನೆ. ಗೋಲಿ ಸೋಡಾದ ಬಾಟಲಿಯನ್ನು ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಮಾಡಿದ. ಒಳಗಿನ ಅನಿಲವೇ ಗೋಲಿಯನ್ನು ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಬೇರೆ ಮುಚ್ಚಳವೇ ಬೇಡ. ಹೆಬ್ಬೆರಳಿನಿಂದ ಒತ್ತಿದಾಗ ಬರುವ ಆ ಸದ್ದು ಸಾಕು, ಅರ್ಧ ಬಾಯಾರಿಕೆ ಅಲ್ಲೇ ಹೋಗುತ್ತದೆ.

ನಾಲಿಗೆಯ ಮೇಲೆ ಚುರುಗುಟ್ಟುವುದು ಗುಳ್ಳೆ ಒಡೆಯುವುದರಿಂದ ಅಂತ ನಾವು ಅಂದುಕೊಂಡಿರುತ್ತೇವೆ. ನಿಜವಾದ ಕಾರಣ ಬೇರೆ. ಹುಳಿ ಗುರುತಿಸುವ ಜೀವಕೋಶಗಳ ಮೇಲೆ ಒಂದು ಕಿಣ್ವ ಇದೆ. ಅದು ಸೋಡಾದ ಅನಿಲವನ್ನು ಆಮ್ಲವಾಗಿ ಬದಲಿಸುತ್ತದೆ, ಆ ಕೋಶಗಳು ಎಚ್ಚರಗೊಳ್ಳುತ್ತವೆ. ಇದನ್ನು 2009ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅಂದರೆ ಸೋಡಾದ ಮಜಾ ಹುಳಿಯಲ್ಲಿ, ತಂಪಿನಲ್ಲಿ, ಚುರುಕಿನಲ್ಲಿ ಇದೆ. ಅದಕ್ಕೆ ಸಕ್ಕರೆಯೇ ಬೇಕು ಅಂತಿಲ್ಲ.

ಮತ್ತೆ ಕಂಪನಿಗಳು ಅಷ್ಟು ಸಕ್ಕರೆ ಯಾಕೆ ಹಾಕುತ್ತವೆ? ತಂಪಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಹುಳಿ ಇದ್ದರೂ ಸಿಹಿ ಮಂಕಾಗುತ್ತದೆ. ಕೋಲಾ ತುಂಬಾ ಹುಳಿ, ಐಸಿನಷ್ಟು ತಂಪು. ಇವೆರಡನ್ನೂ ಮೀರಿ ಸಿಹಿ ತಿಳಿಯಬೇಕಾದರೆ ಸಕ್ಕರೆ ಸುರಿಯಲೇಬೇಕು. ಬಾಟಲಿ ತೆರೆದಿಟ್ಟು ಗ್ಯಾಸ್ ಹೋಗಿ ಬೆಚ್ಚಗಾದ ಕೋಲಾ ಒಂದು ಗುಟುಕು ಕುಡಿದು ನೋಡಿ. ಬಾಯಿ ಅಂಟುವಷ್ಟು ಸಿಹಿ. ಸಕ್ಕರೆ ಮೊದಲೂ ಅಷ್ಟೇ ಇತ್ತು, ನಮಗೆ ಗೊತ್ತಾಗುತ್ತಿರಲಿಲ್ಲ ಅಷ್ಟೇ.

ಈ ಜ್ಞಾನವನ್ನೇ ನಾವು ತಿರುಗಿಸಿ ಬಳಸಬಹುದು. ಅಂಗಡಿಯಲ್ಲಿ ಲಿಂಬು ಸೋಡಾ ಕೇಳಿದರೆ "ಸ್ವೀಟಾ, ಸಾಲ್ಟಾ?" ಅಂತ ಕೇಳುತ್ತಾರೆ. ಸಾಲ್ಟ್ ಅಂದರೆ ಸಕ್ಕರೆಯ ಪಾಲು ಪೂರ್ತಿ ಉಳಿಯಿತು. ಬರೀ ಉಪ್ಪು ಹಿಡಿಸುವುದಿಲ್ಲ ಅನ್ನುವವರು "ಉಪ್ಪಿಂದೇ ಕೊಡಿ, ಸಕ್ಕರೆ ಒಂದೇ ಚಮಚ ಹಾಕಿ" ಅನ್ನಬಹುದು. ಚಿಟಿಕೆ ಉಪ್ಪು ಲಿಂಬೆಯ ಕಹಿಯನ್ನು ತಗ್ಗಿಸುತ್ತದೆ, ಇದ್ದ ಸ್ವಲ್ಪ ಸಿಹಿಯನ್ನು ಎತ್ತಿ ಕೊಡುತ್ತದೆ. ಬಿಪಿ ಇರುವವರು ಚಿಟಿಕೆಗೇ ನಿಲ್ಲಿಸಬೇಕು. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ, ಉಪ್ಪಿನಕಾಯಿಯೂ ಅದರಲ್ಲೇ ಸೇರಬೇಕು.

ನನ್ನ ಪ್ರಕಾರ ಉತ್ತರ ಕನ್ನಡದವರಿಗೆ ಸೋಡಾದ ಜೊತೆ ಇರುವ ದೊಡ್ಡ ಆಸ್ತಿ ಮುರುಗಲು (ಕೋಕಂ, ಪುನರ್ಪುಳಿ). ಏಪ್ರಿಲ್, ಮೇ ತಿಂಗಳಲ್ಲಿ ಬೆಟ್ಟದ ಹಣ್ಣು ತಂದು ಸಿಪ್ಪೆ ಬಿಡಿಸುವ ಕೆಲಸ ಘಟ್ಟದ ಮೇಲೂ ಕೆಳಗೂ ನಡೆಯುತ್ತದೆ. ಕಾರವಾರದ ಕಡೆ ಇದಕ್ಕೆ ತೆಂಗಿನ ಹಾಲು ಸೇರಿಸಿ ಮಾಡುವ ಸೋಲ್‌ಕಡಿ. ಆದರೆ ಮುರುಗಲು ಶರಬತ್ತಿನ ಬಾಟಲಿ ಬೇರೆ ಕತೆ. ಹಸಿ ಸಿಪ್ಪೆಗೆ ಅದರ ತೂಕಕ್ಕಿಂತ ಜಾಸ್ತಿ ಸಕ್ಕರೆ ಬೆರೆಸಿ ಬಿಸಿಲಿಗೆ ಇಡುತ್ತಾರೆ. ಸಕ್ಕರೆ ಅಲ್ಲಿ ಸಿಹಿಗಷ್ಟೇ ಇಲ್ಲ, ಕೆಡದಂತೆ ಕಾಯುವುದೂ ಅದೇ. ಹಾಗಾಗಿ ಸಿರಪ್ಪಿನಲ್ಲಿ ಸಕ್ಕರೆ ಇಳಿಸಿದರೆ ಬೇಗ ಹುಳಿತು ಬೂಸ್ಟು ಬರುತ್ತದೆ. ಒಂದು ಲೋಟಕ್ಕೆ ಮೂರು ದೊಡ್ಡ ಚಮಚ ಸಿರಪ್ ಹಾಕಿದರೆ 30 ಗ್ರಾಂ ಆಸುಪಾಸಿನ ಸಕ್ಕರೆ. ಮನೆಯದ್ದು, ತಂಪು, ಪಿತ್ತಕ್ಕೆ ಒಳ್ಳೆಯದು ಅಂತ ಎರಡು ಲೋಟ ಕುಡಿದರೆ ದಿನದ ಮಿತಿ ದಾಟಿತು.

ಒಣ ಸಿಪ್ಪೆಯಲ್ಲಿ ಈ ತೊಂದರೆ ಇಲ್ಲ. ಆರೇಳು ಒಣ ಸಿಪ್ಪೆ ತೊಳೆದು ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ನೀರು ಮೊದಲು ಗುಲಾಬಿ ಆಗುತ್ತದೆ, ಆಮೇಲೆ ಕಡು ಕೆಂಪು. ಕೈಯಿಂದ ಚೆನ್ನಾಗಿ ಕಿವುಚಿ ಸೋಸಿ. ಇದಕ್ಕೆ ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು, ಎರಡು ಲೋಟಕ್ಕೆ ಸಾಕಾಗುವಂತೆ ಎರಡೇ ಚಮಚ ಸಕ್ಕರೆ ಹಾಕಿ ಪೂರ್ತಿ ಕರಗಿಸಿ, ಫ್ರಿಜ್‌ನಲ್ಲಿ ತಂಪು ಮಾಡಿ. ಉಪ್ಪನ್ನು ಈಗಲೇ ಹಾಕುವುದಕ್ಕೆ ಕಾರಣ ಇದೆ. ಸೋಡಾ ಸುರಿದ ಮೇಲೆ ಉಪ್ಪು ಹಾಕಿದರೆ ಪ್ರತಿ ಹರಳಿನ ಸುತ್ತ ಗುಳ್ಳೆ ಎದ್ದು ಅರ್ಧ ಗ್ಯಾಸು ನೊರೆಯಾಗಿ ಹೊರಗೆ ಹೋಗುತ್ತದೆ. ತಂಪಾದ ರಸವನ್ನು ಅರ್ಧ ಲೋಟ ತುಂಬಿ, ಲೋಟ ಓರೆ ಮಾಡಿ, ಅಂಚಿನಿಂದ ತಣ್ಣನೆಯ ಬರೀ ಸೋಡಾ ನಿಧಾನಕ್ಕೆ ಇಳಿಸಿ. ಕಲಕಬೇಡಿ. ಕೆಂಪು ಬಣ್ಣ ತಾನೇ ಮೇಲೇರುತ್ತದೆ. ಒಂದು ಲೋಟಕ್ಕೆ ಸಕ್ಕರೆ 5 ಗ್ರಾಂ. ಕುಡಿದವರು ಕೋಲಾ ನೆನಪಿಸಿಕೊಳ್ಳುವುದಿಲ್ಲ, ಇದು ನನ್ನ ಖಚಿತ ಅಭಿಪ್ರಾಯ.

ಬಾಯಾರಿಕೆಗೇ ಅಂತ ಆದರೆ ಮಜ್ಜಿಗೆ, ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು), ತಂಬುಳಿಯ ನೀರು ಇವೆ. ಎಳನೀರಿನಲ್ಲಿ ಸಹಜ ಸಕ್ಕರೆ ಇದೆ, ಕೋಲಾಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ. ಕಷಾಯಕ್ಕೆ ಮಾತ್ರ ಹುಷಾರು, ಅದರಲ್ಲಿ ಬೆಲ್ಲ ಎಷ್ಟು ಅಂತ ಮಾಡಿದವರಿಗೇ ಗೊತ್ತು.

ಇನ್ನು ಸಕ್ಕರೆ ಇಲ್ಲದ ಕೋಲಾಗಳ ವಿಷಯ. ಡಯಟ್, ಜೀರೋ ಅಂತ ಬರೆದ ಕ್ಯಾನುಗಳು ಈಗ ಶಿರಸಿ ಪೇಟೆಯಲ್ಲೂ ಸಿಗುತ್ತವೆ. ಜನ ಎರಡು ತುದಿಗೆ ನಿಂತು ಮಾತಾಡುತ್ತಾರೆ. ಒಬ್ಬರಿಗೆ ಅದು ವಿಷ, ಇನ್ನೊಬ್ಬರಿಗೆ ನೀರಿನ ಸಮ. 2023ರ ಜುಲೈಯಲ್ಲಿ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಆಸ್ಪರ್ಟೇಮ್ ಅನ್ನುವ ಕೃತಕ ಸಿಹಿಯನ್ನು "ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇರುವ" ಗುಂಪಿಗೆ ಸೇರಿಸಿತು. ಆ ಗುಂಪಿಗೆ ಸೇರುವುದು ಪುರಾವೆ ಸೀಮಿತವಾಗಿ ಇದ್ದಾಗ. ಅದೇ ಹೊತ್ತಿಗೆ ಆಹಾರ ಸುರಕ್ಷತೆ ನೋಡುವ ತಜ್ಞರ ಸಮಿತಿ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 40 ಮಿಲಿಗ್ರಾಂ. ಅವರೇ ಕೊಟ್ಟ ಉದಾಹರಣೆಯಂತೆ 70 ಕೆಜಿ ತೂಕದವರು ಮಿತಿ ದಾಟಬೇಕಾದರೆ ದಿನಕ್ಕೆ 9ರಿಂದ 14 ಕ್ಯಾನ್ ಕುಡಿಯಬೇಕು. ಅಪರೂಪಕ್ಕೆ ಒಂದು ಕ್ಯಾನ್ ಕುಡಿದವರು ರಾತ್ರಿ ನಿದ್ದೆಗೆಡಬೇಕಾಗಿಲ್ಲ. ಹುಟ್ಟಿನಿಂದ ಬರುವ ಪಿಕೆಯು ಅನ್ನುವ ಅಪರೂಪದ ಕಾಯಿಲೆ ಇರುವವರು ಮಾತ್ರ ಆಸ್ಪರ್ಟೇಮ್ ಮುಟ್ಟಲೇಬಾರದು.

ಅದೇ ವರ್ಷ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಮಾತು ಹೇಳಿತ್ತು. ತೂಕ ಇಳಿಸುವುದಕ್ಕೆ ಅಂತ ಇಂಥ ಸಿಹಿಗಳನ್ನು ನೆಚ್ಚಿಕೊಳ್ಳಬೇಡಿ, ದೀರ್ಘಕಾಲದಲ್ಲಿ ಪ್ರಯೋಜನ ಕಾಣುತ್ತಿಲ್ಲ ಅಂತ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಅಂತಲೂ ಅದರಲ್ಲೇ ಇದೆ. ನನಗೆ ಕಾಣುವುದು ಹೀಗೆ: ದಿನಾ ಕೋಲಾ ಕುಡಿಯುತ್ತಿದ್ದವರು ಒಮ್ಮೆಲೇ ಬಿಡಲಾಗದಿದ್ದರೆ ಸ್ವಲ್ಪ ದಿನ ಜೀರೋ ಕೋಲಾ ಹಿಡಿದು ಇಳಿಯಬಹುದು. ಆ 26 ಗ್ರಾಂ ಉಳಿಯುವುದು ಸಣ್ಣ ಮಾತಲ್ಲ. ಕುಡಿಯದೇ ಇದ್ದವರು ಆರೋಗ್ಯಕ್ಕೆ ಅಂತ ಹೊಸದಾಗಿ ಶುರು ಮಾಡುವ ಅಗತ್ಯ ಇಲ್ಲ. ಅಡುಗೆಯಲ್ಲಿ ಆಸ್ಪರ್ಟೇಮ್ ಕೆಲಸಕ್ಕೆ ಬರುವುದಿಲ್ಲ. ಕುದಿಯುವ ಪಾಯಸಕ್ಕೆ ಹಾಕಿದರೆ ಅದು ಒಡೆದು ಸಿಹಿಯೇ ಹೋಗುತ್ತದೆ. ಸ್ಟೀವಿಯಾ, ಸುಕ್ರಲೋಸ್ ಬಿಸಿ ತಡೆಯುತ್ತವೆ.

ಒಂದು ವಿಷಯವನ್ನು ಮನೆಯವರೆಲ್ಲ ತಿಳಿದಿರಬೇಕು. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಕೆಲವೊಮ್ಮೆ ಸಕ್ಕರೆ ತೀರಾ ಇಳಿದುಬಿಡುತ್ತದೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಆಗ ಜೀರೋ ಕೋಲಾ ಕೊಟ್ಟರೆ ಏನೂ ಆಗುವುದಿಲ್ಲ, ಅಸಲಿ ಸಕ್ಕರೆಯೇ ಬೇಕು. ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಡಿ, ಇಲ್ಲವೇ 150 ಮಿಲಿ ಮಾಮೂಲಿ ಕೋಲಾ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಹೋಳಿಗೆ, ಚಾಕಲೇಟು ಆ ಹೊತ್ತಿಗೆ ಆಗದು, ಕೊಬ್ಬು ಇದ್ದರೆ ಸಕ್ಕರೆ ತಡವಾಗಿ ಏರುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಲ್ಲಿನ ಬಗ್ಗೆ ಸ್ವಲ್ಪ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಕೋಲಾ ತಾನೇ ಆಮ್ಲ. ಒಂದು ಬಾಟಲಿಯನ್ನು ಇಟ್ಟುಕೊಂಡು ಮಧ್ಯಾಹ್ನವಿಡೀ ಗುಟುಕು ಗುಟುಕಾಗಿ ಕುಡಿದರೆ ಹಲ್ಲಿಗೆ ಬಿಡುವೇ ಇಲ್ಲ. ಕುಡಿಯುವುದಾದರೆ ಊಟದ ಜೊತೆ ಒಂದೇ ಸಲ ಮುಗಿಸಿ, ನೀರು ಮುಕ್ಕಳಿಸಿ. ತಕ್ಷಣ ಬ್ರಶ್ ಮಾಡಬೇಡಿ, ಮೆತ್ತಗಾದ ಪದರ ಸವೆಯುತ್ತದೆ. ಜೀರೋ ಕೋಲಾ ಕೂಡ ಹುಳಿಯೇ, ಅದಕ್ಕೂ ಇದೇ ಕ್ರಮ. ಬರೀ ಸೋಡಾ ಎಲುಬು ಕರಗಿಸುತ್ತದೆ ಅನ್ನುವ ಮಾತಿಗೆ ಆಧಾರ ಇಲ್ಲ. ಎದೆಯುರಿ, ಹುಳಿತೇಗು ಇರುವವರಿಗೆ ಮಾತ್ರ ಅದು ಆಗಿಬರುವುದಿಲ್ಲ.

ಬಾಟಲಿ ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದುವ ರೂಢಿ ಮಾಡಿಕೊಳ್ಳಿ. ಒಟ್ಟು ಸಕ್ಕರೆ ಎಷ್ಟು, ಸೇರಿಸಿದ್ದು ಎಷ್ಟು ಅಂತ ಅಲ್ಲಿ ಇರುತ್ತದೆ. ಹೆಚ್ಚಾಗಿ 100 ಮಿಲಿಯ ಲೆಕ್ಕ. ಬಾಟಲಿ 600 ಮಿಲಿ ಇದ್ದರೆ ಆರರಿಂದ ಗುಣಿಸಬೇಕು. ನಮ್ಮ ದೇಶದ ನಿಯಮದಂತೆ "ಶುಗರ್ ಫ್ರೀ" ಅನ್ನಬೇಕಾದರೆ 100 ಮಿಲಿಯಲ್ಲಿ ಸಕ್ಕರೆ ಅರ್ಧ ಗ್ರಾಂ ದಾಟಬಾರದು. "ಸಕ್ಕರೆ ಸೇರಿಸಿಲ್ಲ" ಅನ್ನುವುದು ಬೇರೆ ಮಾತು. ಆ ಜ್ಯೂಸಿನಲ್ಲಿ ಹಣ್ಣಿನದೇ ಸಕ್ಕರೆ ಬೇಕಾದಷ್ಟು ಇರಬಹುದು.

ಎಲ್ಲಕ್ಕಿಂತ ದೊಡ್ಡ ಸೋರಿಕೆ ಮಾತ್ರ ಮನೆಯ ಚಾ. ದಿನಕ್ಕೆ ನಾಲ್ಕು ಚಾ, ಒಂದಕ್ಕೆ ಎರಡು ಚಮಚ, ಒಟ್ಟು 40 ಗ್ರಾಂ. ಯಾವ ಹಬ್ಬದ ಸಿಹಿಯೂ ವರ್ಷವಿಡೀ ಹೀಗೆ ಬರುವುದಿಲ್ಲ. ಒಮ್ಮೆಲೇ ನಿಲ್ಲಿಸಿದರೆ ಚಾ ಕಹಿ ಅನ್ನಿಸಿ ಮೂರನೇ ದಿನಕ್ಕೆ ಮತ್ತೆ ಡಬ್ಬಿಗೆ ಕೈ ಹೋಗುತ್ತದೆ. ವಾರಕ್ಕೆ ಕಾಲು ಚಮಚದಂತೆ ಇಳಿಸಿ. ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ, ಆಮೇಲೆ ಹಳೆಯ ಚಾ ಕುಡಿದರೆ ಅದೇ ಪಾನಕದಂತೆ ಅನ್ನಿಸುತ್ತದೆ. ಮನೆಗೆ ಬಂದವರನ್ನು "ಆಸ್ರಿಗೆ (ಕುಡಿಯಲು) ಬೇಕಾ?" ಅಂತ ಕೇಳುವುದು ನಮ್ಮಲ್ಲಿ ಹೇಗೂ ಇದೆ. ಜೊತೆಗೆ "ಸಕ್ಕರೆ ಎಷ್ಟು ಹಾಕ್ಲಿ?" ಅಂತಲೂ ಕೇಳಿಬಿಟ್ಟರೆ ಎಷ್ಟೋ ಜನರಿಗೆ ಅನುಕೂಲ. ಬೇಡ ಅನ್ನುವುದು ಅವರಿಗೆ ಸಂಕೋಚ ಆಗಿರುತ್ತದೆ.

ಹೀಗೆ ಉಳಿಸಿದ ಸಕ್ಕರೆಯನ್ನು ಜಾತ್ರೆಗೆ ಕೊಟ್ಟ ದುಡ್ಡಿನ ಹಾಗೆ ನೋಡಬೇಕು. ಕಂಡಕಂಡಲ್ಲಿ ಚಿಲ್ಲರೆ ಖರ್ಚು ಮಾಡಿದರೆ ಇಷ್ಟದ ಅಂಗಡಿ ಮುಂದೆ ಹೋದಾಗ ಕೈ ಖಾಲಿ. ನನ್ನ ಇಷ್ಟದ ಅಂಗಡಿ ಯಾವುದು ಅಂದರೆ ತೊಡದೇವು.

ಆಲೆಮನೆ ಹೊತ್ತಿನಲ್ಲಿ ತೊಡದೇವು ಎರೆಯುವುದನ್ನು ಹತ್ತಿರ ಕೂತು ನೋಡಿದ್ದೀರಾ? ಒಲೆಯ ಮೇಲೆ ಮಡಕೆ ಬೋರಲು ಹಾಕಿರುತ್ತಾರೆ. ಕಬ್ಬಿನ ಹಾಲಿನಲ್ಲಿ ರುಬ್ಬಿದ ಅಕ್ಕಿ ಹಿಟ್ಟು ನೀರಿನಷ್ಟು ತೆಳ್ಳಗೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ ಮಡಕೆಯ ಬೆನ್ನ ಮೇಲೆ ಒಂದೇ ಬೀಸಿಗೆ ಎಳೆಯುತ್ತಾರೆ. ಚರ್ ಅಂತ ಸದ್ದು, ಕಬ್ಬು ಸುಟ್ಟ ಘಮ. ಅಂಚು ಎದ್ದ ತಕ್ಷಣ ಬೆರಳಿನಿಂದ ಬಿಡಿಸಿ, ಬಿಸಿ ಇರುವಾಗಲೇ ಮಡಚಬೇಕು. ಒಂದು ಕ್ಷಣ ತಡವಾದರೂ ಪುಡಿ. ಕಾಗದದಷ್ಟು ತೆಳುವಾದ ಆ ಮಡಿಕೆ ನಾಲಿಗೆಯ ಮೇಲೆ ಎಷ್ಟು ಸಿಹಿ ಅನ್ನಿಸುತ್ತದೆ! ಕೈಗೆ ಭಾರವೇ ಗೊತ್ತಾಗುವುದಿಲ್ಲ. ತೂಕ ಕಡಿಮೆ ಅಂದರೆ ಸಕ್ಕರೆಯೂ ಕಡಿಮೆ. ಸುಟ್ಟ ಘಮ, ಗರಿಗರಿ ಸದ್ದು, ಬಾಯಲ್ಲಿ ಕರಗುವ ರೀತಿ ಎಲ್ಲ ಸೇರಿ ಸ್ವಲ್ಪ ಸಿಹಿಯನ್ನು ದೊಡ್ಡದು ಮಾಡುತ್ತವೆ.

ಬೇರೆ ಸಿಹಿಗಳಲ್ಲೂ ಈ ದಾರಿ ಇದೆ. ಪಾಯಸದಲ್ಲಿ ಸಕ್ಕರೆ ರುಚಿಗೆ ಮಾತ್ರ, ಅದನ್ನು ಮೂರನೇ ಒಂದು ಪಾಲು ಇಳಿಸಿದರೆ ಪಾಯಸ ಪಾಯಸವೇ. ಏಲಕ್ಕಿ ಜಾಸ್ತಿ, ಒಂದು ಕಣ ಉಪ್ಪು, ಬಿಸಿ ಇರುವಾಗ ಬಡಿಸಿದರೆ ಇಳಿಸಿದ್ದು ಯಾರಿಗೂ ತಿಳಿಯುವುದಿಲ್ಲ, ಬಿಸಿಗೆ ಸಿಹಿ ಚೆನ್ನಾಗಿ ಏಳುತ್ತದಲ್ಲ. ಕಳಿತ ಮಾವಿನ ರಸಾಯನಕ್ಕೆ ಬೆಲ್ಲ ಹಾಕದಿದ್ದರೂ ನಡೆಯುತ್ತದೆ. ಹಲಸಿನ ಹಣ್ಣಿನ ಕಡುಬಿನಲ್ಲೂ ಹಣ್ಣಿನ ಸಿಹಿ ನೋಡಿ ಬೆಲ್ಲ ಹಿಡಿಯಬಹುದು. ಅತ್ರಾಸದಲ್ಲಿ ಆಗುವುದಿಲ್ಲ. ಅಲ್ಲಿ ಪಾಕದ ಹದವೇ ಎಲ್ಲ, ಬೆಲ್ಲ ಇಳಿಸಿದರೆ ಹದ ಕೆಡುತ್ತದೆ. ಅದನ್ನು ಸರಿಯಾಗೇ ಮಾಡಿ, ಚಿಕ್ಕದಾಗಿ ತಟ್ಟಿ, ಒಂದು ತಿನ್ನಿ.

ತಿನ್ನುವ ಹೊತ್ತೂ ಮುಖ್ಯ. ನಮ್ಮ ಬಾಳೆಎಲೆ ಊಟದಲ್ಲಿ ಸಿಹಿ ಬರುವುದು ಊಟದ ಮಧ್ಯೆ. ಮೊದಲು ಪಲ್ಯ, ಕೋಸಂಬರಿ, ಅನ್ನ, ಕೊನೆಗೆ ಮಜ್ಜಿಗೆ. ಸಕ್ಕರೆಯನ್ನು ನಿಧಾನ ಮಾಡುವುದಕ್ಕೆ ಇದು ಒಳ್ಳೆಯ ಕ್ರಮ. ಸಂಜೆ ನಾಲ್ಕಕ್ಕೆ ಖಾಲಿ ಹೊಟ್ಟೆಗೆ ಎರಡು ಹೋಳಿಗೆ ಚಾದ ಜೊತೆ ತಿಂದರೆ ಆ ರಕ್ಷಣೆ ಇಲ್ಲ. ಸಕ್ಕರೆ ಕಾಯಿಲೆ ಇರುವವರು ಹೋಳಿಗೆ ತಿಂದ ದಿನ ಒಂದು ಸಟ್ಟುಗ ಅನ್ನ ಕಡಿಮೆ ಬಡಿಸಿಕೊಳ್ಳಬೇಕು, ಅನ್ನವೂ ಕೊನೆಗೆ ಗ್ಲೂಕೋಸೇ ತಾನೇ. ಊಟದ ನಂತರ ಹತ್ತು ಹದಿನೈದು ನಿಮಿಷ ತೋಟದ ಕಡೆಗೋ ಬೀಚಿನ ಕಡೆಗೋ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ.

ಆಲೆಮನೆಗೆ ಹೋದಾಗ ಏನು ಮಾಡುವುದು ಅಂತ ಕೇಳುವವರು ತುಂಬಾ. ಕಬ್ಬಿನ ಹಾಲಿನಲ್ಲಿ 100 ಮಿಲಿಗೆ ಸುಮಾರು 15 ಗ್ರಾಂ ಸಕ್ಕರೆ, ಕಬ್ಬು ಬಲಿತಿದ್ದರೆ ಇನ್ನೂ ಜಾಸ್ತಿ. ಕೋಲಾಕ್ಕಿಂತ ಮೇಲೆ. ಅಲ್ಲಿಯ ಲೋಟ ದೊಡ್ಡದು, ಒತ್ತಾಯ ಅದಕ್ಕಿಂತ ದೊಡ್ಡದು. ಆರೋಗ್ಯವಾಗಿ ಇರುವವರು ವರ್ಷಕ್ಕೊಮ್ಮೆ ಒಂದು ಲೋಟ ಕುಡಿದರೆ ಏನೂ ಮುಳುಗುವುದಿಲ್ಲ, ಆ ದಿನ ಬೇರೆ ಸಿಹಿ ಬಿಡಿ. ಶುಗರ್ ಇರುವವರು ಚಾ ಕುಡಿಯುವ ಸಣ್ಣ ಕಪ್ಪು ಕೇಳಿ ಪಡೆಯಿರಿ, ಶುಂಠಿ, ಲಿಂಬೆ ಹಿಂಡಿ, ಮೊದಲು ಮಂಡಕ್ಕಿ ಶೇಂಗಾ ತಿಂದು ಆಮೇಲೆ ಕುಡಿಯಿರಿ. ಬಿಸಿ ಬೆಲ್ಲವನ್ನು ಬೆರಳ ತುದಿಯಲ್ಲಿ ನೆಕ್ಕಿದರೆ ಸಾಕು, ರುಚಿ ಅಷ್ಟರಲ್ಲೇ ಪೂರ್ತಿ ಸಿಗುತ್ತದೆ. ಒಂದು ತೊಡದೇವು ತಿನ್ನಿ. ಬಾಟಲಿಯಲ್ಲಿ ತುಂಬಿಸಿಕೊಟ್ಟ ಹಾಲನ್ನು ಮನೆಗೆ ತಂದು ರಾತ್ರಿಯವರೆಗೆ ಲೋಟದ ಮೇಲೆ ಲೋಟ ಕುಡಿಯುವ ಬದಲು ಪಕ್ಕದ ಮನೆಗೆ ಅರ್ಧ ಕೊಡಿ, ಉಳಿದರ್ಧಕ್ಕೆ ಅಕ್ಕಿ ನೆನೆಹಾಕಿ.